ಟ್ರಂಕಿನಲ್ಲಿ ಸಿಕ್ಕ ಜರ್ಮನ್ ಸಿಪಾಯಿ

ಪ್ರಶ್ನೆ: ಬೆಟಗೇರಿಯ ನಮ್ಮ ಮನೆಯ ಟ್ರಂಕಿನಲ್ಲಿ ಜರ್ಮನ್ ಸಿಪಾಯಿಯ ಫೋಟೋ ಕಾರ್ಡ್ ಸಿಕ್ಕಿದೆ. ಮುತ್ತಜ್ಜ ಬಾಸೆಲ್ ಮಿಷನ್ನಿನಲ್ಲಿ ಕೆಲಸಕ್ಕಿದ್ದರು. ಇವನು ಯಾವ ಪಡೆಯವನು?
— ಓದುಗರೊಬ್ಬರು, ಗದಗ

ಉತ್ತರ: ನೀವು ಕಳಿಸಿದ ಪ್ರತಿಗೆ ಭೂತಗನ್ನಡಿ ಹಿಡಿದೆ. ಮುಖಕ್ಕಿಂತ ತಲೆ ಮೇಲಿನದ್ದೇ ಜಾಸ್ತಿ ಮಾತಾಡುತ್ತದೆ! ಮೊನೆಯ ಹೆಲ್ಮೆಟ್, ಅದಕ್ಕೆ ಬಟ್ಟೆಯ ಗವಸು, ಗವಸಿನ ಮೇಲೆ ‘ಆರ್ 119’. ಆರ್ ಅಂದರೆ ರಿಸರ್ವ್, ಮೀಸಲು ಪಡೆ. ಎಲ್ ಇದ್ದಿದ್ದರೆ ಲಾಂಡ್‌ವೇರ್, ವಯಸ್ಸಾದವರ ಪಡೆ. ನಿಮ್ಮವನು ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ರಾಜ್ಯದ 119ನೇ ರಿಸರ್ವ್ ರೆಜಿಮೆಂಟಿನವನು. ಮೊದಲ ಮಹಾಯುದ್ಧದಲ್ಲಿ, ಫ್ರಾನ್ಸಿನ ಸೋಮ್ ಕದನದಲ್ಲಿ, 1916ರಲ್ಲಿ, ಬೋಮಾಂಟ್ ಹಾಮೆಲ್ ಊರನ್ನು ಕಾದ ಪಡೆ ಅದು. ಮಿಷನ್ನಿನ ಪಾದ್ರಿಗಳಲ್ಲಿ ಬಹಳ ಜನ ಅದೇ ಸೀಮೆಯವರು. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ತಂದ ಪಾದ್ರಿ ಮೊಗ್ಲಿಂಗ್ ಕೂಡ ಅಲ್ಲಿಯವರೇ. ಯಾರೋ ಪಾದ್ರಿಯ ನೆಂಟ ಇರಬೇಕು, ಅಲ್ವಾ? ಕಾರ್ಡಿನ ಹಿಂಬದಿಯ ಫೋಟೋನೂ ಕಳಿಸಿ. ಸೈನ್ಯದ ಅಂಚೆ ಮುದ್ರೆ ಇದ್ದರೆ ಕಂಪನಿಯ ನಂಬರೂ ಸಿಗಬಹುದು. ಒದ್ದೆ ಬಟ್ಟೆಯಿಂದ ಮಾತ್ರ ಒರೆಸಬೇಡಿ.