ಹಾರ್ವರ್ಡ್ ಸರ್ಟಿಫಿಕೇಟಿಗೆ ದುಡ್ಡು ಕೊಡುವ ಮುನ್ನ

ಓದುಗರ ಪ್ರಶ್ನೆ, ತಜ್ಞರ ಉತ್ತರ: ಶಿಕ್ಷಣ
ಉತ್ತರಿಸುವವರು: ವಿಶ್ವವಿದ್ಯಾಲಯದ ಅರ್ಹತಾ ವಿಭಾಗದ ನಿವೃತ್ತ ಅಧಿಕಾರಿ, ಧಾರವಾಡ

ಈ ಸಲವೂ ಬಹುತೇಕ ಪತ್ರಗಳು ಕೇಳಿರುವುದು ಒಂದೇ ಮಾತು: ಮನೆಯಲ್ಲಿ ಕೂತು ದೊಡ್ಡ ಯೂನಿವರ್ಸಿಟಿಯ ಪದವಿ ಪಡೆಯಬಹುದೇ? ಅರ್ಜಿ ತುಂಬುವುದು ಹೇಗೆ ಎಂದೆಲ್ಲ ಹೇಳುತ್ತ ಕೂರುವುದಿಲ್ಲ, ಅದು ನಿಮಗೇ ಗೊತ್ತು. ದುಡ್ಡು ಹೋಗುವ ಜಾಗ ಬೇರೆ ಇದೆ, ಅಲ್ಲಿಗೇ ಬರುತ್ತೇನೆ.

ಪ್ರಶ್ನೆ: ಗೋಕುಲ ರೋಡಿನ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಬಿ.ಎ. ಅರ್ಧಕ್ಕೇ ನಿಂತಿದೆ. ಏಜೆಂಟ್ ಒಬ್ಬರು 45 ಸಾವಿರ ರೂಪಾಯಿಗೆ ಹಾರ್ವರ್ಡ್ ಎಕ್ಸ್‌ಟೆನ್ಷನ್‌ನ ಸರ್ಟಿಫಿಕೇಟ್ ಕೊಡಿಸುತ್ತೇನೆ, ಅದರ ಕ್ರೆಡಿಟ್ (ಪಾಸಾದ ಕೋರ್ಸಿಗೆ ಸಿಗುವ ಎಣಿಕೆ) ಸೇರಿಸಿದರೆ ಪದವಿ ಆಗುತ್ತದೆ ಎನ್ನುತ್ತಾರೆ. ಸರಕಾರಿ ನೌಕರಿಗೆ ಇದು ನಡೆಯುತ್ತದೆಯೇ? (ಹುಬ್ಬಳ್ಳಿ)

ಉತ್ತರ: ಕೊಡಬೇಡಿ. ಮುಂಗಡವನ್ನೂ ಕೊಡಬೇಡಿ.

ಹಾರ್ವರ್ಡ್ ಎಕ್ಸ್‌ಟೆನ್ಷನ್ ಸ್ಕೂಲ್ ಸುಳ್ಳಲ್ಲ. 1910ರಲ್ಲಿ ದುಡಿಯುವ ಜನರಿಗೆಂದೇ ಶುರುವಾದದ್ದು, ಹಾರ್ವರ್ಡಿನದೇ ಅಂಗ, ಅದರ ಪದವಿ ಹಾರ್ವರ್ಡಿನದೇ ಪದವಿ. ಒಳಗೆ ಹೋಗುವ ದಾರಿಯೂ ಒಳ್ಳೆಯದು: ಪ್ರವೇಶ ಪರೀಕ್ಷೆ ಇಲ್ಲ, ಮೊದಲು ಕೆಲವು ಕೋರ್ಸ್ ಓದಿ ಬಿ ಗ್ರೇಡಿಗೆ ಕಡಿಮೆ ಇಲ್ಲದಂತೆ ಪಾಸಾಗಿ ತೋರಿಸಬೇಕು, ಆಮೇಲೆ ಪದವಿಗೆ ಸೇರಿಸಿಕೊಳ್ಳುತ್ತಾರೆ. ಆದರೆ ಪದವಿಗೆ ಬೇಕಾದದ್ದು 128 ಕ್ರೆಡಿಟ್. ಹಳೆಯ ಕಾಲೇಜಿನಿಂದ ಹೆಚ್ಚೆಂದರೆ 64 ಸೇರಿಸಿಕೊಳ್ಳಬಹುದು, ಅದೂ ಅವರು ಒಪ್ಪಿದರೆ. ಉಳಿದ 64 ಅಂದರೆ ನಾಲ್ಕು ಕ್ರೆಡಿಟ್ಟಿನ 16 ಕೋರ್ಸು. ಒಂದೊಂದಕ್ಕೆ ಎರಡು ಸಾವಿರ ಡಾಲರ್ ಎಂದು ಹಿಡಿದರೂ 25 ಲಕ್ಷ ರೂಪಾಯಿ ದಾಟಿತು. ಅದರಲ್ಲೂ ಒಂದು ಭಾಗವನ್ನು ಅಮೆರಿಕದ ಕ್ಯಾಂಪಸ್ಸಿಗೆ ಹೋಗಿಯೇ ಓದಬೇಕು. 45 ಸಾವಿರ ಎಲ್ಲಿ, ಇದೆಲ್ಲಿ?

ಹಾಗಾದರೆ ಏಜೆಂಟ್ ಮಾರುತ್ತಿರುವುದೇನು? ಬಹುಮಟ್ಟಿಗೆ ಎಡ್‌ಎಕ್ಸ್‌ನ ಸರ್ಟಿಫಿಕೇಟ್. ಹಾರ್ವರ್ಡ್ ಮತ್ತು ಎಂಐಟಿ ಸೇರಿ 2012ರಲ್ಲಿ ಕಟ್ಟಿದ ವೇದಿಕೆ ಅದು. ಅಲ್ಲಿ ಹಾರ್ವರ್ಡಿನ ಎಷ್ಟೋ ಪಾಠಗಳನ್ನು ಪುಕ್ಕಟೆ ನೋಡಬಹುದು, ಸರ್ಟಿಫಿಕೇಟ್ ಬೇಕೆಂದವರು ಮಾತ್ರ ಶುಲ್ಕ ಕಟ್ಟಬೇಕು. ಪಾಠ ಚೆನ್ನಾಗಿದೆ, ಓದಿ. ಆದರೆ ಅದರಿಂದ ಹಾರ್ವರ್ಡಿನ ದಾಖಲೆಯಲ್ಲಿ ನಿಮ್ಮ ಹೆಸರಿಗೆ ಒಂದು ಕ್ರೆಡಿಟ್ಟೂ ಏರುವುದಿಲ್ಲ.

ಬೇರೆ ಸಂಸ್ಥೆಯ ಪದವಿ ನಡೆಯುತ್ತದೋ ಇಲ್ಲವೋ ಎಂದು ಪರಿಶೀಲಿಸುವ ಅರ್ಹತಾ ವಿಭಾಗದಲ್ಲಿ ಕಾಗದ ಹೇಗೆ ನೋಡುತ್ತಾರೆ ಗೊತ್ತೇ? ಲಾಂಛನ, ಚಿನ್ನದ ಅಂಚು, ಪ್ರಾಧ್ಯಾಪಕರ ಸಹಿ, ಇವುಗಳ ಮೇಲೆ ಗುಮಾಸ್ತನ ಕಣ್ಣು ನಿಲ್ಲುವುದೇ ಇಲ್ಲ. ಅವನು ಹುಡುಕುವುದು ಅಂಕಪಟ್ಟಿಯನ್ನು: ಕೋರ್ಸಿನ ಸಂಕೇತ, ಅದರ ಪಕ್ಕ ಕ್ರೆಡಿಟ್, ಅದರ ಪಕ್ಕ ಗ್ರೇಡ್, ಕೊನೆಗೆ ಪದವಿ ಕೊಡುವ ಅಧಿಕಾರವಿರುವ ಸಂಸ್ಥೆಯ ಕುಲಸಚಿವರ ಸಹಿ. ಆ ಸಾಲುಗಳಿಲ್ಲದಿದ್ದರೆ ಫೈಲು ಅಲ್ಲೇ ಮುಚ್ಚುತ್ತದೆ. ಇಂಥ ಕಾಗದ ಲ್ಯಾಮಿನೇಟ್ ಮಾಡಿಸಿ ತಂದು, ಕಿಟಕಿಯ ಮುಂದೆ ಕಣ್ಣೀರು ಹಾಕಿದವರನ್ನು ನೋಡಿದ್ದೇನೆ. ಅದಕ್ಕೇ ಇಷ್ಟು ಖಾರವಾಗಿ ಬರೆಯುತ್ತಿದ್ದೇನೆ. ವಿದೇಶಿ ವಿಶ್ವವಿದ್ಯಾಲಯದ ಹೆಸರಿನಲ್ಲಿ ಆನ್‌ಲೈನ್ ಕಂಪನಿಗಳು ಕೊಡುವ ಪದವಿಗೆ ಮಾನ್ಯತೆ ಇಲ್ಲ ಎಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2023ರ ಡಿಸೆಂಬರಿನಲ್ಲೇ ಎಚ್ಚರಿಸಿದೆ.

ನಿಮಗೆ ಬೇಕಾದದ್ದು ಹೆಸರಾಂತ ಸಂಸ್ಥೆಯ ನಿಜವಾದ ಪದವಿ ಅಲ್ಲವೇ? ಐಐಟಿ ಮದ್ರಾಸ್ ಡೇಟಾ ಸೈನ್ಸ್‌ನ ಬಿ.ಎಸ್. ಶುರು ಮಾಡಿದೆ. ಐಐಟಿಯ ಪ್ರವೇಶ ಪರೀಕ್ಷೆ ಜೆಇಇ ಬೇಡ. ಪಿಯುಸಿ ಪಾಸಾಗಿದ್ದು, ಹತ್ತನೇ ತರಗತಿಯಲ್ಲಿ ಗಣಿತ, ಇಂಗ್ಲಿಷ್ ಓದಿದ್ದರೆ ಸಾಕು. ನಾಲ್ಕು ವಾರ ಪಾಠ ಕೇಳಿ ಅರ್ಹತಾ ಪರೀಕ್ಷೆ ದಾಟಬೇಕು. ಒಟ್ಟು 142 ಕ್ರೆಡಿಟ್. ನಡುವೆ ಡಿಪ್ಲೊಮಾ ಅಥವಾ ಬಿ.ಎಸ್‌ಸಿ. ಪಡೆದು ಹೊರಬೀಳಲೂ ಅವಕಾಶವಿದೆ. ಅರ್ಹರಿಗೆ ಶುಲ್ಕದಲ್ಲಿ ಶೇ 75ರವರೆಗೆ ರಿಯಾಯಿತಿ ಉಂಟು. ಪಾಠ ಮನೆಯಲ್ಲಿ, ಪರೀಕ್ಷೆ ಮಾತ್ರ ಕೇಂದ್ರಕ್ಕೆ ಹೋಗಿ ಬರೆಯಬೇಕು. ನನಗೆ ಅದರ ಮೇಲೆ ನಂಬಿಕೆ ಬಂದದ್ದೇ ಈ ಕಾರಣಕ್ಕೆ. ಶಿಫ್ಟ್ ಮುಗಿಸಿ ಬಂದು ರಾತ್ರಿ ಎರಡು ತಾಸು ಗಣಿತಕ್ಕೆ ಕೂರುವ ಮನಸ್ಸಿದ್ದರೆ ಮಾತ್ರ ಸೇರಿ.

ಅಷ್ಟು ಗಣಿತ ಬೇಡವೆಂದರೆ ಯುಜಿಸಿ ಅನುಮತಿ ಇರುವ ಆನ್‌ಲೈನ್ ಅಥವಾ ದೂರಶಿಕ್ಷಣದ ಬಿ.ಎ. ಮುಗಿಸಿ. ಅಂಥ ಪದವಿ ರೆಗ್ಯುಲರ್ ಪದವಿಗೆ ಸಮ ಎಂದು 2022ರಲ್ಲೇ ಯುಜಿಸಿ ಸ್ಪಷ್ಟಪಡಿಸಿದೆ. ಆದರೆ ಯುಜಿಸಿಯ ದೂರಶಿಕ್ಷಣ ಬ್ಯೂರೋ ಜಾಲತಾಣದಲ್ಲಿ ಸಂಸ್ಥೆಯ ಹೆಸರು, ಕೋರ್ಸಿನ ಹೆಸರು, ನೀವು ಸೇರುವ ವರ್ಷ, ಮೂರನ್ನೂ ನೋಡಿ. ಹೆಸರು ಒಂದನ್ನೇ ನೋಡಿ ಸೇರಿದವರೇ ಆಮೇಲೆ ನನಗೆ ಪತ್ರ ಬರೆಯುವವರು. ಶುಲ್ಕವನ್ನು ವಿಶ್ವವಿದ್ಯಾಲಯದ ಖಾತೆಗೇ ಕಟ್ಟಿ. ಸಪ್ತಾಪುರದ ಯಾವುದೋ ಮಹಡಿಯ ಮೇಲೆ "ಅಧಿಕೃತ ಆನ್‌ಲೈನ್ ಕೇಂದ್ರ" ಎಂಬ ಬೋರ್ಡ್ ಕಂಡರೆ ಮೆಟ್ಟಿಲು ಹತ್ತಬೇಡಿ. ಪದವಿಯನ್ನು ಫ್ರಾಂಚೈಸಿ ಕೊಡಲು ನಿಯಮವೇ ಒಪ್ಪುವುದಿಲ್ಲ.

ಪ್ರಶ್ನೆ: ಸ್ವಯಂ, ಎನ್‌ಪಿಟಿಇಎಲ್ ಕೋರ್ಸುಗಳನ್ನೇ ಒಟ್ಟುಗೂಡಿಸಿ ಪದವಿ ಪಡೆಯಬಹುದೇ? (ಧಾರವಾಡ)

ಉತ್ತರ: ಕೇಂದ್ರ ಸರಕಾರದ ನೆರವಿನ ಈ ಆನ್‌ಲೈನ್ ಕೋರ್ಸುಗಳಷ್ಟರಿಂದಲೇ ಆಗದು. ಕಾಲೇಜಿನಲ್ಲಿ ದಾಖಲಾಗಿದ್ದರೆ ಒಂದು ಸೆಮಿಸ್ಟರಿನ ಶೇ 40ರಷ್ಟು ಕ್ರೆಡಿಟ್ ಸ್ವಯಂನಿಂದ ತರಬಹುದು, ನಿಮ್ಮ ವಿಶ್ವವಿದ್ಯಾಲಯ ಆ ಕೋರ್ಸನ್ನು ಒಪ್ಪಿದ್ದರೆ ಮಾತ್ರ. ಕೋರ್ಸಿಗೆ ಸೇರುವ ಮೊದಲೇ ವಿಭಾಗದ ಮುಖ್ಯಸ್ಥರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಬಾಯಿಮಾತು ಅರ್ಹತಾ ವಿಭಾಗದಲ್ಲಿ ನಡೆಯದು.

ಪ್ರಶ್ನೆ: ಆನ್‌ಲೈನ್‌ನಲ್ಲಿ ನರ್ಸಿಂಗ್ ಅಥವಾ ಎಲ್‌ಎಲ್‌ಬಿ? (ಗದಗ)

ಉತ್ತರ: ಇಲ್ಲ. ಎರಡಕ್ಕೂ ಅನುಮತಿಯೇ ಇಲ್ಲ.

ಪ್ರಶ್ನೆ: ಮೂರು ವರ್ಷದ ಪದವಿ ಒಂದೇ ವರ್ಷದಲ್ಲಿ ಕೊಡಿಸುತ್ತಾರಂತೆ. (ರಾಣೆಬೆನ್ನೂರು)

ಉತ್ತರ: ಅದು ಹಿಂದಿನ ದಿನಾಂಕ ಹಾಕಿದ ಖೊಟ್ಟಿ ಅಂಕಪಟ್ಟಿ. ನಾಳೆ ಪೊಲೀಸರು ಬರುವುದು ನಿಮ್ಮ ಮನೆಗೆ, ಅದನ್ನು ಮಾರಿದವನ ಮನೆಗಲ್ಲ.

ಪ್ರಶ್ನೆ: ನೌಕರಿ ಮಾಡುತ್ತ ವಿದೇಶಿ ಆನ್‌ಲೈನ್ ಪಿಎಚ್‌ಡಿ? (ಹಾವೇರಿ)

ಉತ್ತರ: ಇದನ್ನು ಮತ್ತೆ ಕೇಳಬೇಡಿ. ಅದಕ್ಕೆ ಮಾನ್ಯತೆ ಇಲ್ಲವೆಂದು 2022ರಲ್ಲೇ ಯುಜಿಸಿ ಹೇಳಿದೆ.

ಪ್ರಶ್ನೆ: ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಹೋಗಿತ್ತಲ್ಲ, ಈಗ ಸೇರಬಹುದೇ? (ನವಲಗುಂದ)

ಉತ್ತರ: 2015ರಲ್ಲಿ ಯುಜಿಸಿ ಮಾನ್ಯತೆ ಇಲ್ಲವೆಂದು ಪ್ರಕಟಿಸಿದ್ದು ನಿಜ, 2018ರಲ್ಲಿ ಮರಳಿ ಸಿಕ್ಕಿದ್ದೂ ಅಷ್ಟೇ ನಿಜ. ಈಗ ಸೇರುವವರು ತಮ್ಮ ಕೋರ್ಸು ಈ ವರ್ಷದ ಪಟ್ಟಿಯಲ್ಲಿದೆಯೇ ನೋಡಿ ಸೇರಿ. ನಡುವಿನ ವರ್ಷಗಳಲ್ಲಿ ಸೇರಿದವರ ಲೆಕ್ಕ ಬೇರೆ. ಅವರು ಪ್ರವೇಶದ ರಸೀದಿ, ಅಂಕಪಟ್ಟಿ ಎರಡರ ನಕಲನ್ನೂ ಕಳಿಸಿದರೆ ಒಬ್ಬೊಬ್ಬರಿಗೇ ಉತ್ತರಿಸುತ್ತೇನೆ.