ದಾಸೋಹದ ಲೆಕ್ಕ ಬೇರೆ, ಬೋನಸ್ ಲೆಕ್ಕ ಬೇರೆ

ಪ್ರಶ್ನೆ: ನಮ್ಮದು 8 ಜನ ದುಡಿಯುವ ಮಂಡಕ್ಕಿ ಭಟ್ಟಿ. ಕಾಯಕ, ದಾಸೋಹದ ತತ್ವದಂತೆ ವ್ಯವಹಾರ ನಡೆಸಬೇಕೆಂಬ ಆಸೆ. ಲಾಭದಲ್ಲಿ ಎಷ್ಟು ಪಾಲು ದಾಸೋಹಕ್ಕೆ ತೆಗೆಯಬೇಕು? ದೀಪಾವಳಿ ಬೋನಸ್ಸನ್ನೂ ಅದರಲ್ಲೇ ಹಿಡಿಯಬಹುದೇ?
– ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ಎರಡನ್ನೂ ಬೆರೆಸಬೇಡಿ. ಬೋನಸ್ ಎಂದರೆ ಅವರ ದುಡಿಮೆಯದೇ ಬಾಕಿ. ಕಾನೂನಿನ ಕನಿಷ್ಠ ದರ ವರ್ಷದ ಕೂಲಿಯ ಶೇ. 8.33, ಅಂದರೆ 12ರಲ್ಲಿ ಒಂದು ಪಾಲು. ಭಟ್ಟಿ ಸಣ್ಣದಾದರೂ ಅಷ್ಟನ್ನು ತಿಂಗಳು ತಿಂಗಳೂ ಖರ್ಚಿಗೆ ಬರೆಯುತ್ತ ಹೋಗಿ. ಹಬ್ಬಕ್ಕೆ ಸಾಲ ಮಾಡುವುದು ತಪ್ಪುತ್ತದೆ.

ದಾಸೋಹಕ್ಕೆ ಹೀಗೆ ಲೆಕ್ಕ ಹಾಕಿ. ತಿಂಗಳ ಮಾರಾಟದಲ್ಲಿ ಭತ್ತ, ಉಪ್ಪು, ಉರುವಲು, ಕೂಲಿ, ಬೋನಸ್ ಬಾಬ್ತು, ಚೀಲ, ಬಾಡಿಗೆ, ಬಡ್ಡಿ, ಜೊತೆಗೆ ನಿಮ್ಮ ಸ್ವಂತ ಸಂಬಳ ಕಳೆಯಿರಿ. 40 ಸಾವಿರ ಉಳಿಯಿತೆನ್ನಿ: 20 ಸಾವಿರ ಸುಗ್ಗಿಯ ಭತ್ತ ಖರೀದಿಗೆ, 4 ಸಾವಿರ ದಾಸೋಹಕ್ಕೆ, ಮಿಕ್ಕಿದ್ದು ರಿಪೇರಿಗೆ ಮತ್ತು ಮುಳುಗುವ ಉದ್ರಿಗೆ. ಬಹಳ ಕಡೆ ಎಡವುವುದು ಮಾಲೀಕರ ಸಂಬಳದಲ್ಲಿ. ಗಲ್ಲಾದಿಂದ ಮನೆಖರ್ಚಿಗೆ ತೆಗೆದದ್ದನ್ನು ಬರೆಯದಿದ್ದರೆ ಇಲ್ಲದ ಲಾಭ ಕಾಣುತ್ತದೆ, ದಾನ ಬಂಡವಾಳದಿಂದ ಹೋಗುತ್ತದೆ.

ಇನ್ನು ಕಾಯಕ. ಅದರ ಪರೀಕ್ಷೆ ನಡೆಯುವುದು ತಕ್ಕಡಿಯ ಮೇಲೆ. 12ನೇ ಶತಮಾನದ ಶರಣ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಪತ್ನಿ ಲಕ್ಕಮ್ಮ ಅದನ್ನು ತಂದಲ್ಲೇ ಸುರಿದು ಬರಲು ಕಳಿಸಿದರು. ಮಳೆಗಾಲದಲ್ಲಿ ಥಂಡಿ ಹಿಡಿದ ಮಂಡಕ್ಕಿ ತೂಕ ಜಾಸ್ತಿ ಬರುತ್ತದೆ. ಆ ಹೆಚ್ಚಿನ ತೂಕಕ್ಕೆ ಗಿರಾಕಿಯಿಂದ ದುಡ್ಡು ತೆಗೆದುಕೊಳ್ಳಬಾರದು. ಮರಳು ಜರಡಿ ಹಿಡಿದ ಮಂಡಕ್ಕಿ ಪೂರ್ತಿ ಆರಿದ ಮೇಲೆಯೇ, ಒಳಗೆ ಪ್ಲಾಸ್ಟಿಕ್ ಇರುವ ಚೀಲಕ್ಕೆ ತುಂಬಿ ಬಾಯಿ ಬಿಗಿಯಿರಿ. ಬಿಸಿಯಲ್ಲೇ ಕಟ್ಟಿದರೆ ಹಬೆ ನೀರಾಗಿ ಮೆತ್ತಗಾಗುತ್ತದೆ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಹಾಕಿಸಿ.

ಪ್ರಶ್ನೆ: ಫಲದ ಮೇಲೆ ಅಧಿಕಾರವಿಲ್ಲ ಎನ್ನುತ್ತದೆ ಗೀತೆ. ಹಾಗಾದರೆ ನಮ್ಮ ಎಣ್ಣೆ ಮಿಲ್ಲಿನ ಮಾರಾಟದ ಹುಡುಗರಿಗೆ ಟಾರ್ಗೆಟ್ ಇಡುವುದು ಹೇಗೆ?
– ಓದುಗರು, ಚಳ್ಳಕೆರೆ

ಉತ್ತರ: 2ನೇ ಅಧ್ಯಾಯದ 47ನೇ ಶ್ಲೋಕ ದುಡಿಯುವವನು ತನಗೆ ಹೇಳಿಕೊಳ್ಳುವ ಮಾತು. ಅದನ್ನು ತೋರಿಸಿ ಕಮಿಷನ್ ಹಿಡಿಯುವುದು ಅನ್ಯಾಯ. ಶೇಂಗಾ ಎಣ್ಣೆಯ ದರ ಹುಡುಗರ ಕೈಯಲ್ಲಿಲ್ಲ. ದಿನಕ್ಕೆ 15 ಅಂಗಡಿ ಸುತ್ತುವುದು, 21 ದಿನ ದಾಟಿದ ಬಾಕಿಗೆ ಹೋಗಿ ಕೇಳುವುದು ಅವರ ಕೈಯಲ್ಲಿದೆ. ಟಾರ್ಗೆಟ್ ಇವಕ್ಕೆ ಇಡಿ, ಕಮಿಷನ್ನನ್ನು ವಸೂಲಾದ ಹಣದ ಮೇಲೆ ಕೊಡಿ. ಬರೀ ಮಾರಾಟದ ಮೇಲೆ ಕೊಟ್ಟರೆ ಉದ್ರಿ ಬೆಳೆಯುತ್ತದೆ.