ಮಳೆಗಾಲದಲ್ಲಿ 5 ವಾರದ ಕೋಳಿಮರಿಗಳನ್ನು ಹೊರಗಿನ ಗೂಡಿಗೆ ಬಿಡಬಹುದೇ?

ಅಡುಗೆಮನೆಯ ಮೂಲೆಯಲ್ಲಿ ಬಲ್ಬಿನ ಕಾವಿನಡಿ ಬೆಳೆದ 5 ವಾರದ 20 ಗಿರಿರಾಜ ತಳಿಯ ಮರಿಗಳನ್ನು ಈ ಜುಲೈ ಮಳೆಯಲ್ಲಿ ಅಂಗಳದ ಹೊಸ ಗೂಡಿಗೆ ಬಿಡಬಹುದೇ ಎಂದು ಸೋಮವಾರಪೇಟೆಯಿಂದ ಕೇಳಿದ್ದೀರಿ. ಪರೀಕ್ಷೆಗೆಂದು ಒಂದು ಸಂಜೆ ಬಿಟ್ಟಾಗ ಅವೆಲ್ಲ ಮೂಲೆಗೆ ಒತ್ತಿಕೊಂಡು ಚೀರಿದವೆಂದೂ ಬರೆದಿದ್ದೀರಿ. ಮಡಿಕೇರಿಯ ಸಮೀಪ ನಮ್ಮ ತೋಟದ ಮನೆಯಲ್ಲಿ ಹಲವು ಮಳೆಗಾಲಗಳಲ್ಲಿ ಮರಿ ಸಾಕಿದ ಅನುಭವದಿಂದ ಹೇಳುವುದಾದರೆ, ಗೂಡಿಗೆ ಬಿಡಬಹುದು, ನೆಲಕ್ಕೆ ಈಗಲೇ ಬೇಡ.

ನಮ್ಮ ಜಿಲ್ಲೆಯಲ್ಲಿ ಮರಿಗಳು ಸತ್ತರೆ ಎಲ್ಲರೂ ಚಳಿಯನ್ನು ದೂರುತ್ತಾರೆ. ನಾನು ಕಂಡಂತೆ ತಪ್ಪು ಹೆಚ್ಚಾಗಿ ತೇವದ್ದು. ಮೊದಲ ವಾರ ಮರಿಗೆ ಸುಮಾರು 35 ಡಿಗ್ರಿ ಕಾವು ಬೇಕು, ಬಳಿಕ ವಾರಕ್ಕೆ 3 ಡಿಗ್ರಿಯಂತೆ ಇಳಿಸುತ್ತ ಬಂದರೆ 5–6 ವಾರಕ್ಕೆ ನವಿರು ಹೋಗಿ ಗರಿ ಮೂಡಿರುತ್ತದೆ. ಬೆನ್ನು, ಕುತ್ತಿಗೆ, ರೆಕ್ಕೆಯ ಬುಡಗಳಲ್ಲಿ ಗರಿ ತುಂಬಿದ್ದು ಮೈ ಒಣಗಿದ್ದರೆ ಕಕ್ಕಡದ (ಕೊಡಗಿನ ಜಡಿಮಳೆಯ ತಿಂಗಳು) ರಾತ್ರಿಯ ಚಳಿಯನ್ನೂ ಅವು ತಡೆದುಕೊಳ್ಳುತ್ತವೆ. ಗರಿ ನೆನೆದರೆ ಒಳಗಿನ ಬೆಚ್ಚನೆಯ ಗಾಳಿ ಉಳಿಯದು, ಆಗ ಅಷ್ಟೇನೂ ಚಳಿಯಿಲ್ಲದ ಸಂಜೆಯೂ ಮರಿಗೆ ಭಾರವಾಗುತ್ತದೆ. ಆದ್ದರಿಂದ ಮನೆಯೊಳಗೇ 3 ದಿನ ಹಗಲಿನಲ್ಲಿ, ಮತ್ತೆ 3 ದಿನ ರಾತ್ರಿಯೂ ಬಲ್ಬ್ ಆರಿಸಿ ನೋಡಿ. ಮರಿಗಳು ಒಂದರ ಮೇಲೊಂದು ಏರದೆ ಹರಡಿಕೊಂಡು ಮಲಗಿದರೆ ಕಾವಿನ ಅಗತ್ಯ ಮುಗಿದಿದೆ ಎಂದು ತಿಳಿಯಿರಿ.

ನೀವು ಕಂಡ ಆ ಒತ್ತಾಟವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೆಲವು ವರ್ಷಗಳ ಹಿಂದೆ ನಾನು 25 ಮರಿಗಳನ್ನು ಒಂದು ಸಂಜೆ ನೇರವಾಗಿ ತಗಡಿನ ಸೂರಿನ ಗೂಡಿಗೆ ಸಾಗಿಸಿ ನೆಮ್ಮದಿಯಿಂದ ಮಲಗಿದೆ. ರಾತ್ರಿ ಕರೆಂಟು ಹೋಯಿತು, ತಗಡಿನ ಮೇಲೆ ಮಳೆ ಬಡಿಯತೊಡಗಿತು. ಬೆಳಿಗ್ಗೆ ನೋಡಿದರೆ ಮೂಲೆಯ ರಾಶಿಯ ಅಡಿಯಲ್ಲಿ 7 ಮರಿಗಳು ಉಸಿರುಗಟ್ಟಿ ಸತ್ತಿದ್ದವು. ಮೇಲಿದ್ದವುಗಳಿಗೆ ಏನೂ ಆಗಿರಲಿಲ್ಲ. ಕತ್ತಲೆ, ಅಪರಿಚಿತ ಜಾಗ, ಕಿವಿಗಡಚಿಕ್ಕುವ ಸದ್ದು ಈ ಮೂರೂ ಒಟ್ಟಿಗೆ ಬಂದರೆ ಮರಿಗಳು ಮೂಲೆಯನ್ನೇ ತಾಯಿಯೆಂದು ನಂಬುತ್ತವೆ. ಅಂದಿನಿಂದ ನಾನು ಹೊಸ ಗೂಡಿನ ನಾಲ್ಕೂ ಮೂಲೆಗಳಿಗೆ ರಟ್ಟನ್ನು ಬಾಗಿಸಿ ಕಟ್ಟಿ ದುಂಡಗೆ ಮಾಡುತ್ತೇನೆ, ತಗಡಿನ ಮೇಲೆ ತೆಂಗಿನ ಗರಿ ಹೊದಿಸುತ್ತೇನೆ, ಮತ್ತು ಸಂಜೆಯ ಬದಲು ಬೆಳಿಗ್ಗೆಯೇ ಮರಿಗಳನ್ನು ಸಾಗಿಸುತ್ತೇನೆ. ಹಗಲೆಲ್ಲ ಜಾಗವನ್ನು ನೋಡಿಕೊಂಡ ಮರಿ ರಾತ್ರಿ ಅಷ್ಟಾಗಿ ಹೆದರುವುದಿಲ್ಲ. ಮೊದಲ ಮೂರು ರಾತ್ರಿ ಬ್ಯಾಟರಿಯ ಸಣ್ಣ ದೀಪವೊಂದು ಉರಿಯಲಿ. ಮಲಗುವ ಮುನ್ನ ಟಾರ್ಚ್ ಹಿಡಿದು ಹೋಗಿ ಗುಂಪುಗೂಡಿದ್ದನ್ನು ಕೈಯಿಂದ ಬಿಡಿಸಿ ಬನ್ನಿ. ಕರೆಂಟು ಹೋಯಿತೆಂದು ಮುಚ್ಚಿದ ಗೂಡಿನೊಳಗೆ ಕೆಂಡದ ಮಡಕೆ ಇಡುವ ಹಳೆಯ ರೂಢಿಯನ್ನು ಮಾತ್ರ ಅನುಸರಿಸಬೇಡಿ. ಅದರ ವಿಷಗಾಳಿಗೆ ವಾಸನೆಯೇ ಇರುವುದಿಲ್ಲ.

ಗೂಡಿನ ತಳ ನೆಲದಿಂದ ಒಂದೂವರೆ ಅಡಿಯಾದರೂ ಮೇಲಿರಲಿ. ಮಳೆಯ ಇರಚಲು ಬೀಳುವ ಬದಿಯನ್ನು ಹಲಗೆಯಿಂದ ಮುಚ್ಚಿ, ಎದುರು ಬದಿಯ ಮೇಲ್ಭಾಗವನ್ನು ಗಾಳಿಗಾಗಿ ತೆರೆದಿಡಿ. ಚಳಿಗೆ ಹೆದರಿ ಎಲ್ಲ ಕಡೆಯೂ ಟಾರ್ಪಾಲಿನ್ ಸುತ್ತಿದರೆ ಹಿಕ್ಕೆಯ ಅಮೋನಿಯ ಒಳಗೇ ನಿಂತು ಕಣ್ಣು, ಶ್ವಾಸ ಎರಡೂ ಕೆಡುತ್ತವೆ. ತಳಕ್ಕೆ 3 ಅಂಗುಲ ಭತ್ತದ ಹೊಟ್ಟು ಹರಡಿ, ನೀರಿನ ಪಾತ್ರೆಯ ಸುತ್ತ ಒದ್ದೆಯಾದುದನ್ನು ದಿನವೂ ತೆಗೆಯಿರಿ. ತೋಟದಲ್ಲಿ ಸುಲಭವಾಗಿ ಸಿಗುತ್ತದೆಂದು ಕಾಫಿ ಸಿಪ್ಪೆ ಹಾಕುವವರಿದ್ದಾರೆ; ಅದು ಬೇಗ ಬೂಷ್ಟು ಹಿಡಿಯುವುದರಿಂದ ನಾನು ಬಳಸುವುದಿಲ್ಲ.

ಹೊಟ್ಟಿನ ಬಗ್ಗೆ ಇಷ್ಟು ಹೇಳಲು ಕಾರಣ ರಕ್ತಭೇದಿ. ಕಾಕ್ಸಿಡಿಯ ಎಂಬ ಸೂಕ್ಷ್ಮಜೀವಿ ಹಿಕ್ಕೆಯಲ್ಲಿ ಹೊರಬಿದ್ದು, ತೇವ ಮತ್ತು ಬೆಚ್ಚಗಿನ ಜಾಗ ಸಿಕ್ಕರೆ ಒಂದೆರಡು ದಿನಗಳಲ್ಲೇ ಸೋಂಕು ಹರಡಲು ಸಿದ್ಧವಾಗುತ್ತದೆ, ಮತ್ತು ಅದು ಹೆಚ್ಚು ಕಾಡುವುದು ನಿಮ್ಮ ಮರಿಗಳ ವಯಸ್ಸಿನಲ್ಲೇ. ರೆಕ್ಕೆ ಇಳಿಬಿಟ್ಟು ತೂಕಡಿಸುವ ಮರಿ, ಕೆಂಪು ಹಿಕ್ಕೆ ಕಂಡರೆ ಅರಿಸಿನ, ಬೆಳ್ಳುಳ್ಳಿಯನ್ನು ನಂಬಿ ಕೂರದೆ ಅದೇ ದಿನ ಪಶುವೈದ್ಯರಲ್ಲಿ ಹೋಗಿ. ಇದಕ್ಕೆ ಕೊಡುವ ಔಷಧಿ ಆಂಪ್ರೋಲಿಯಂ ಬೇಗ ಕೊಟ್ಟರೆ ಮಾತ್ರ ಫಲ ಕೊಡುತ್ತದೆ. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಬಾಕಿಯಿದ್ದರೆ ಅದನ್ನೂ ಹಾಕಿಸಿ, ಆದರೆ ಗೂಡು ಬದಲಿಸುವ ದಿನವೇ ಬೇಡ. ಆಹಾರವನ್ನೂ ಆ ವಾರ ಬದಲಿಸಬೇಡಿ.

ಕಳ್ಳರ ವಿಷಯಕ್ಕೆ ಬಂದರೆ, ಹಗಲಿಗೆ ಮುಂಗುಸಿ, ಕಾಗೆ, ಹದ್ದು. ರಾತ್ರಿಗೆ ಪುನುಗುಬೆಕ್ಕು, ಕಾಡುಬೆಕ್ಕು. ಆರುಮೂಲೆ ಕಣ್ಣಿನ ಕೋಳಿ ಬಲೆ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಇವರನ್ನು ಹೊರಗಿಡುವುದಿಲ್ಲ. ಅರ್ಧ ಅಂಗುಲ ಕಣ್ಣಿನ ಬೆಸುಗೆಯ ತಂತಿ ಬಲೆಯನ್ನೇ ಹಾಕಿ. ಅಂಗಳದ ಆವರಣದಲ್ಲಿ ಅದರ ಅಂಚನ್ನು ಒಂದು ಅಡಿ ಹೊರಕ್ಕೆ ನೆಲದ ಮೇಲೆ ಹಾಸಿ ಕಲ್ಲು ಹೇರಿದರೆ ಕೆರೆದು ನುಗ್ಗಲಾಗದು. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಸಿದ ದಿನಗಳಲ್ಲಿ ಮರಿಗಳನ್ನು ಗಿಡಗಳಡಿ ಬಿಡಬೇಡಿ; ಅದರಲ್ಲಿರುವ ಮೈಲುತುತ್ತ ಮರಿಗಳಿಗೆ ವಿಷ.

ದೊಡ್ಡ ಕೋಳಿಗಳಿದ್ದರೆ ಎರಡು ವಾರ ನಡುವೆ ಬಲೆಯಿರಲಿ, ಪರಸ್ಪರ ನೋಡಲಿ. ಮೊಟ್ಟೆ ಕೋಳಿಯ ಆಹಾರ ಮರಿಗಳಿಗೆ ಸಿಗದಂತೆ ನೋಡಿಕೊಳ್ಳಿ, ಅದರಲ್ಲಿನ ಅಧಿಕ ಸುಣ್ಣದಂಶ ಎಳೆಯ ಮೂತ್ರಪಿಂಡಗಳನ್ನು ಹಾಳುಮಾಡುತ್ತದೆ. ಮರಿಗಳನ್ನು ಗೂಡಿನಲ್ಲೇ 7–10 ದಿನ ಕೂಡಿಹಾಕಿ, ಬಳಿಕ ಮಳೆ ಬಿಟ್ಟ ಒಂದು ಸಂಜೆ, ಕತ್ತಲಾಗಲು ಅರ್ಧ ಗಂಟೆಯಿರುವಾಗ ಮರಿಗಳು ಹಸಿದಿರುವಾಗಲೇ ಬಾಗಿಲು ತೆರೆಯಿರಿ. ಒಳಗೆ ಡಬ್ಬಿ ಅಲ್ಲಾಡಿಸಿ ನುಚ್ಚು ಚೆಲ್ಲಿದರೆ ಬಹುಪಾಲು ಮರಿಗಳು ತಾವಾಗಿಯೇ ಹಿಂದಿರುಗುತ್ತವೆ. ಕಾಫಿ ಗಿಡದ ಬುಡದಲ್ಲಿ ಅವಿತು ಕೂರುವ ಒಂದೆರಡನ್ನು ಮಾತ್ರ ಕತ್ತಲಾದ ಮೇಲೆ ಎತ್ತಿ ತರಬೇಕಾದೀತು, ಆ ವೇಳೆಗೆ ಜಿಗಣೆ ಹತ್ತದಂತೆ ಕಾಲಿಗೆ ಉಪ್ಪು ಸವರಿಕೊಂಡು ಹೋಗಿ.